ಆರಾಮಾಗಿದ್ದೀನಲ್ಲ, ಮಾತ್ರೆ ಇನ್ನೇಕೆ?

ಪ್ರಶ್ನೆ: ನನಗೆ 34. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಮೂರು ವರ್ಷದಿಂದ ಫಿಂಗೋಲಿಮಾಡ್ ತಗೊಳ್ತಿದ್ದೆ. ಒಂದೂ ಅಟ್ಯಾಕ್ ಬಂದಿಲ್ಲ. ಮಗು ಬೇಕು ಅಂತ ಮೂರು ವಾರದ ಹಿಂದೆ ನಾನೇ ಬಿಟ್ಟೆ. ಏನೂ ಆಗಿಲ್ಲ. ಹೀಗೇ ಇರಬಹುದಾ?

ಊರು, ಹೆಸರು ಬದಲಾಗುತ್ತದೆ. ಪ್ರಶ್ನೆ ಮಾತ್ರ ಇದೇ. ಬಿಟ್ಟ ಮೇಲೆ ಕೇಳುತ್ತಾರೆ, ಬಿಡುವ ಮುಂಚೆ ಯಾರೂ ಕೇಳುವುದಿಲ್ಲ!

ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರೆ ದೇಹ ಕಾಯಬೇಕಾದ ಬಿಳಿ ರಕ್ತಕಣಗಳೇ ಮಿದುಳು, ಬೆನ್ನುಹುರಿಯ ನರಗಳ ಮೇಲೆ ಬೀಳುವ ರೋಗ. ಕಣ್ಣು ಮಂಜಾಗಿ, ಕಾಲು ಸೋತು ರೋಗ ಹಠಾತ್ತನೆ ಕೆರಳುವುದನ್ನೇ ಅಟ್ಯಾಕ್ ಅನ್ನುವುದು. ಈ ಮಾತ್ರೆ ರೋಗವನ್ನು ಅಳಿಸುವುದಿಲ್ಲ. ನರದ ಮೇಲೆ ಬೀಳುವ ಬಿಳಿ ರಕ್ತಕಣಗಳನ್ನು ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಕೂಡಿಹಾಕುತ್ತದೆ, ಅಷ್ಟೇ. ಬೆಳೆ ಮೇಯುವ ದನಗಳನ್ನು ದೊಡ್ಡಿಗೆ ಹಾಕಿದ ಹಾಗೆ. ಮಾತ್ರೆ ಬಿಟ್ಟರೆ ಒಂದೆರಡು ತಿಂಗಳಲ್ಲಿ ಅವೆಲ್ಲ ರಕ್ತಕ್ಕೆ ವಾಪಸ್. ಹಾಗಾಗಿ ಮೂರು ವಾರ ಏನೂ ಆಗಿಲ್ಲ ಅನ್ನುವುದು ನನಗೆ ಸಮಾಧಾನ ಕೊಡುವುದಿಲ್ಲ. ಕೆಲವರಲ್ಲಿ ರೋಗ ಚಿಕಿತ್ಸೆಗೆ ಮುಂಚೆ ಇದ್ದದ್ದಕ್ಕಿಂತ ಜೋರಾಗಿ ಮರಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ: ಸಾಮಾನ್ಯವಾಗಿ 12 ವಾರದೊಳಗೆ, ಕೆಲವೊಮ್ಮೆ 24 ವಾರದವರೆಗೂ. ತಾವೇ ನಡೆಯುತ್ತಿದ್ದವರು ಗಾಲಿಕುರ್ಚಿಗೆ ಬಂದದ್ದಿದೆ. ಎಲ್ಲರಿಗೂ ಆಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಹೆದರಿ ಈಗ ಡಬ್ಬಿ ತೆಗೆದು ಮಾತ್ರೆ ನುಂಗಬೇಡಿ. ಎರಡು ವಾರಕ್ಕಿಂತ ಜಾಸ್ತಿ ಬಿಟ್ಟು ಮತ್ತೆ ಶುರು ಮಾಡಿದರೆ ಎದೆಬಡಿತ ತೀರಾ ನಿಧಾನವಾಗಬಹುದು. ಮೊದಲ ಮಾತ್ರೆ ಕೊಟ್ಟು ಆರು ಗಂಟೆ ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು.

ಇನ್ನು ಮಗು. ಮಗುವಿನಾಸೆ ತಪ್ಪಲ್ಲ. ಈ ಮಾತ್ರೆ ಬಿಟ್ಟು ಎರಡು ತಿಂಗಳು ಗರ್ಭ ನಿಲ್ಲಬಾರದು. ಅಪಾಯದ ಕಾಲವೂ ಅದೇ ಹೊತ್ತಿಗೆ ಶುರುವಾಗುತ್ತದೆ, ನೋಡಿ! ಅದಕ್ಕೇ ನಡುವೆ ಬೇರೆ ಔಷಧ ಹಾಕಿ ದಾಟಿಸುತ್ತೇವೆ. ಈ ವಾರವೇ ನಿಮ್ಮ ನರರೋಗ ತಜ್ಞರ ಬಳಿ ಹೋಗಿ. ಬೈದರೆ ಬೈಸಿಕೊಳ್ಳಿ. ಕಣ್ಣು ಮಂಜಾದರೆ, ಕಾಲು ಸೋತರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಪ್ರಶ್ನೆ: ಅಟ್ಯಾಕ್ ಬಂದರೆ ಸ್ಟೀರಾಯ್ಡ್ ಡ್ರಿಪ್ ಇದೆಯಲ್ಲ, ದಿನಾ ಮಾತ್ರೆ ಯಾಕೆ?

ಡ್ರಿಪ್ ಬಂದದ್ದನ್ನು ಬೇಗ ಇಳಿಸುತ್ತದೆ, ಮುಂದಿನದನ್ನು ತಡೆಯುವುದಿಲ್ಲ.

ಪ್ರಶ್ನೆ: ಇಂಗ್ಲಿಷ್ ಮದ್ದು ಪೂರ್ತಿ ಬಿಟ್ಟರೇ ಕಷಾಯ ಕೊಡುತ್ತೇನೆ ಅಂತಾರೆ ನಾಟಿ ವೈದ್ಯರು.

ಅಲ್ಲಿಂದ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡಿ. ಈ ರೋಗದ ಅಟ್ಯಾಕ್ ಎಷ್ಟೋ ಸಲ ತಾನಾಗೇ ಇಳಿಯುತ್ತದೆ, ಹೆಸರು ಕಷಾಯಕ್ಕೆ!

ಪ್ರಶ್ನೆ: ತಂದೆಗೆ 61. ಇದೇ ರೋಗಕ್ಕೆ ಇಂಟರ್‌ಫೆರಾನ್ ಇಂಜೆಕ್ಷನ್ ಮೇಲೆ ಎಂಟು ವರ್ಷ ಆರಾಮಾಗಿದ್ದಾರೆ. ನಿಲ್ಲಿಸಬಹುದಾ?

ಇದು ಕೇಳಬೇಕಾದ ಪ್ರಶ್ನೆ. 55 ದಾಟಿ, ವರ್ಷಗಟ್ಟಲೆ ಆರಾಮಾಗಿದ್ದವರ ಮೇಲೆ ನಡೆದ ಅಮೆರಿಕದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅಟ್ಯಾಕ್ ಅಥವಾ ಮಿದುಳಿನ ಎಂಆರ್‌ಐನಲ್ಲಿ ಹೊಸ ಕಲೆ ಕಂಡದ್ದು ನಿಲ್ಲಿಸಿದವರಲ್ಲಿ ಶೇ. 12.2, ಮುಂದುವರಿಸಿದವರಲ್ಲಿ ಶೇ. 4.7. ಅವುಗಳಲ್ಲಿ ಹೆಚ್ಚಿನವು ಕಲೆಗಳೇ, ಅಟ್ಯಾಕ್ ಕಡಿಮೆ. ಹಾಗಾಗಿ ಇಂಥವರು ವೈದ್ಯರ ಜೊತೆ ಕೂತು ನಿಲ್ಲಿಸಬಹುದು. ನಾನಾದರೆ ಮೊದಲು ಒಂದು ಎಂಆರ್‌ಐ ತೆಗೆಸಿಟ್ಟುಕೊಳ್ಳುತ್ತೇನೆ.