ಟೈಬ್ರೇಕರ್‌ನಲ್ಲಿ ಕಾಲು ಕೈಕೊಡುವುದೇಕೆ?

ಪ್ರಶ್ನೆ: ನಮ್ಮ ಟೀಮಿನ್ಯಾಗ ಒಬ್ಬ ಹುಡುಗ ಅದಾನ್ರಿ. ಪ್ರಾಕ್ಟೀಸಿನ್ಯಾಗ ಹತ್ತಕ್ಕ ಒಂಬತ್ತು ಪೆನಾಲ್ಟಿ ಹಾಕ್ತಾನ. ಹೋದ ತಿಂಗಳ ಫೈನಲ್‌ದಾಗ ಟೈಬ್ರೇಕರ್‌ನ ಐದನೇ ಕಿಕ್ ಬಾರ್ ಮ್ಯಾಲಿಂದ ಹಾರಿಸಿಬಿಟ್ಟ. ಈಗ ಎಲ್ಲಾರೂ ‘ಅವಂಗ ಗುಂಡಿಗಿ ಇಲ್ಲ’ ಅನ್ನಾಕತ್ಯಾರ. ಬಾಜಿಯೊ, ಮೆಸ್ಸಿ, ಹ್ಯಾರಿ ಕೇನ್ ಅಂಥಾವ್ರೂ ತಪ್ಪಿಸ್ಯಾರಲ್ರಿ. ದೊಡ್ಡ ಆಟಗಾರ್ರು ಖರೇನ ಒತ್ತಡಕ್ಕ ಕುಸಿತಾರೋ, ಇಲ್ಲಾ ಅದು ಬರೇ ನಸೀಬೋ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಒತ್ತಡಕ್ಕೆ ಕುಸಿಯುವುದು ಖರೆ, ಅದನ್ನು ಅಳೆದೂ ನೋಡಿದ್ದಾರೆ. ಆದರೆ ತಪ್ಪಿದ ಪ್ರತಿ ಕಿಕ್ಕಿಗೂ ಆ ಹೆಸರು ಕೊಡುವಂತಿಲ್ಲ. ಆಟದ ನಡುವೆ ಸಿಗುವ ಪೆನಾಲ್ಟಿಗಳಲ್ಲಿ ದೊಡ್ಡ ಲೀಗ್‌ಗಳ ಆಟಗಾರರು ನೂರಕ್ಕೆ 75ರಿಂದ 80 ಗೋಲು ಹೊಡೆಯುತ್ತಾರೆ. ಅಂದರೆ ಯಾರೂ ಹೆದರದಿದ್ದರೂ ನಾಲ್ಕೈದರಲ್ಲಿ ಒಂದು ತಪ್ಪಿಯೇ ತಪ್ಪುತ್ತದೆ. ವಿಶ್ವಕಪ್ ಶೂಟೌಟ್‌ಗಳಲ್ಲಿ (ಅಂದರೆ ಟೈಬ್ರೇಕರ್‌ಗಳಲ್ಲಿ) ಈ ಲೆಕ್ಕ 70ರ ಆಸುಪಾಸಿಗೆ ಇಳಿಯುತ್ತದೆ. 120 ನಿಮಿಷ ಓಡಿದ ದಣಿವು, ಒತ್ತಡ ಎರಡೂ ಈ ಇಳಿತದಲ್ಲಿ ಸೇರಿವೆ.

ಒತ್ತಡವನ್ನು ಬೇರೆ ಮಾಡಿ ತೋರಿಸಿದವರು ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್. ದೊಡ್ಡ ಟೂರ್ನಿಗಳ ಶೂಟೌಟ್‌ಗಳ ವಿಡಿಯೊಗಳನ್ನು ಒಂದೊಂದಾಗಿ ನೋಡಿ ಅವರು ಕಿಕ್ಕುಗಳನ್ನು ವಿಂಗಡಿಸಿದರು. ‘ಇದು ಗೋಲಾದರೆ ಗೆದ್ದೆವು’ ಎನ್ನುವ ಕಿಕ್ಕುಗಳಲ್ಲಿ ನೂರಕ್ಕೆ ಸುಮಾರು 90 ಗೋಲಾಗಿದ್ದವು. ‘ಇದು ತಪ್ಪಿದರೆ ಸೋತೆವು’ ಎನ್ನುವ ಕಿಕ್ಕುಗಳಲ್ಲಿ ಸುಮಾರು 60. ಎರಡರಲ್ಲೂ ಅದೇ 11 ಮೀಟರ್ ದೂರ, ಅದೇ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲು. ಎರಡೂ ಕಡೆ ದಣಿದ ಕಾಲುಗಳೇ. ಬದಲಾಗಿದ್ದು ತಲೆಯೊಳಗಿನ ಲೆಕ್ಕವೊಂದೇ.

ಬಾಜಿಯೊ ಹೊಡೆದದ್ದು ಈ ಎರಡನೇ ಜಾತಿಯ ಕಿಕ್. 1994ರ ಜುಲೈ 17, ಅಮೆರಿಕದ ಪ್ಯಾಸಡೀನಾ, ಬ್ರೆಜಿಲ್ ವಿರುದ್ಧ ವಿಶ್ವಕಪ್ ಫೈನಲ್. ಅವರಿಗಿಂತ ಮೊದಲೇ ಇಟಲಿಯ ಬರೇಸಿ, ಮಸ್ಸಾರೊ ಇಬ್ಬರೂ ತಪ್ಪಿಸಿದ್ದರು. ಬಾಜಿಯೊ ಗೋಲು ಹೊಡೆದಿದ್ದರೂ ಬ್ರೆಜಿಲ್ ಕೈಯಲ್ಲಿ ಇನ್ನೊಂದು ಕಿಕ್ ಇತ್ತು. ಆದರೂ ಜಗತ್ತು ನೆನಪಿಟ್ಟದ್ದು ಅವರೊಬ್ಬರನ್ನೇ. ಅದೇ ಬಾಜಿಯೊ 1998ರ ವಿಶ್ವಕಪ್‌ನಲ್ಲಿ ಚಿಲಿ ವಿರುದ್ಧ ಪಂದ್ಯ ಉಳಿಸಿದ ಪೆನಾಲ್ಟಿ ಹೊಡೆದರು, ಫ್ರಾನ್ಸ್ ವಿರುದ್ಧದ ಶೂಟೌಟ್‌ನಲ್ಲೂ ಗೋಲು ಹಾಕಿದರು. ಮೆಸ್ಸಿ 2016ರ ಕೋಪಾ ಅಮೆರಿಕ ಫೈನಲ್‌ನಲ್ಲಿ ಬಾರ್ ಮೇಲೆ ಹಾರಿಸಿದರು. 2022ರ ಕತಾರ್ ವಿಶ್ವಕಪ್‌ನಲ್ಲಿ ಪೋಲೆಂಡ್ ವಿರುದ್ಧ ತಪ್ಪಿಸಿ, ಅದೇ ಟೂರ್ನಿಯ ಫೈನಲ್‌ನಲ್ಲಿ ಆಟದ ನಡುವೆ ಒಂದು, ಶೂಟೌಟ್‌ನಲ್ಲಿ ಒಂದು ಹೊಡೆದರು. ಆ ವರ್ಷವೇ ಕ್ವಾರ್ಟರ್‌ಫೈನಲ್‌ನಲ್ಲಿ ಹ್ಯಾರಿ ಕೇನ್ ಫ್ರಾನ್ಸ್ ವಿರುದ್ಧ ಮೊದಲ ಪೆನಾಲ್ಟಿ ಹಾಕಿ, ಎರಡನೆಯದನ್ನು ಮೇಲೆ ಹಾರಿಸಿದರು. ಒಂದೇ ಸಂಜೆ, ಒಬ್ಬನೇ ಆಟಗಾರ, ಎದುರಿಗೆ ತನ್ನದೇ ಕ್ಲಬ್ಬಿನ ಕೀಪರ್ ಲೋರಿಸ್. ಬುಕಾಯೊ ಸಾಕಾ 2021ರ ಯೂರೊ ಫೈನಲ್‌ನಲ್ಲಿ ಇಂಗ್ಲೆಂಡ್‌ನ ಕೊನೆಯ ಕಿಕ್ ತಪ್ಪಿಸಿದಾಗ ಅವರಿಗೆ 19 ವರ್ಷ. 2024ರ ಯೂರೊದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಶೂಟೌಟ್‌ನಲ್ಲಿ ಹೊಡೆದು ಗೋಲು ಮಾಡಿದರು. ಗುಂಡಿಗೆ ಇದ್ದವ, ಇಲ್ಲದವ ಎಂದು ಮನುಷ್ಯರನ್ನು ಎರಡು ಪಾಲು ಮಾಡಿದರೆ ಇವರನ್ನೆಲ್ಲ ಯಾವ ಪಾಲಿಗೆ ಹಾಕುತ್ತೀರಿ? ನಿಮ್ಮ ಹುಡುಗನಿಗೆ ಅಂಟಿಸಿದ ಆ ಮಾತನ್ನು ಮೊದಲು ನಿಲ್ಲಿಸಿ. ಅದು ತಪ್ಪು, ಅಷ್ಟೇ ಅಲ್ಲ, ಮುಂದಿನ ಕಿಕ್ಕಿನ ಭಾರವನ್ನೂ ಅದೇ ಹೆಚ್ಚಿಸುತ್ತದೆ.

ಹಾಗಾದರೆ ಆ ಹೊತ್ತಿನಲ್ಲಿ ಆಗುವುದೇನು? ಚೆನ್ನಾಗಿ ಕಲಿತ ಕೆಲಸ ತಾನಾಗಿ ನಡೆಯುತ್ತಿರುತ್ತದೆ. ಭಯ ಬಂದಾಗ ಆಟಗಾರ ಅದನ್ನು ಬಿಡಿಬಿಡಿಯಾಗಿ ಕಾಯಲು ಶುರುಮಾಡುತ್ತಾನೆ: ಕಾಲು ಎಲ್ಲಿ ಇಡಲಿ, ಪಾದ ಎಷ್ಟು ತಿರುಗಿಸಲಿ. ರೊಟ್ಟಿ ಬಡಿಯುತ್ತಿರುವ ಅವ್ವನಿಗೆ ‘ಯಾವ ಬೆರಳು ಯಾವಾಗ ತಾಗುತ್ತದೆ ನೋಡಿಕೊಂಡು ಬಡಿ’ ಎಂದರೆ ರೊಟ್ಟಿ ಹರಿಯುತ್ತದಲ್ಲ, ಅದೇ ಇಲ್ಲೂ ಆಗುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಫುಟ್ಬಾಲ್ ಆಟಗಾರರು ಕೋನ್‌ಗಳ ನಡುವೆ ಡ್ರಿಬಲ್ ಮಾಡಬೇಕಿತ್ತು. ಚೆಂಡಿಗೆ ಪಾದದ ಯಾವ ಬದಿ ತಾಗುತ್ತಿದೆ ಎಂದು ಗಮನಿಸಲು ಹೇಳಿದಾಗ ಅವರ ವೇಗ ಬಿತ್ತು. ಹೊಸಬರದ್ದು ತದ್ವಿರುದ್ಧ, ಪಾದದ ಮೇಲೆ ಗಮನ ಇಟ್ಟಾಗಲೇ ಅವರು ಚೆನ್ನಾಗಿ ಮಾಡಿದರು. ಆದ್ದರಿಂದ ಕಲಿಸುವಾಗ ಪಾದದ ಬಗ್ಗೆ ಎಷ್ಟು ಬೇಕೋ ಅಷ್ಟು ಹೇಳಿ. ಫೈನಲ್ ದಿನ ಒಂದು ಮಾತೂ ಬೇಡ.

ಎರಡನೆಯದು ಕಣ್ಣು. ಹೆದರಿದ ಆಟಗಾರ ಗುರಿ ಬಿಟ್ಟು ಕೀಪರ್‌ನನ್ನೇ ಹೆಚ್ಚು ಹೊತ್ತು ನೋಡುತ್ತಾನೆ. ಕಣ್ಣು ಎಲ್ಲೋ ಚೆಂಡು ಅಲ್ಲೇ ಹೋಗುತ್ತದೆ, ಕೀಪರ್ ಕೈಗೆಟಕುವ ಹಾಗೆ. ಕಣ್ಣಿನ ಚಲನೆ ಅಳೆಯುವ ಉಪಕರಣ ಹಾಕಿ ಇಂಗ್ಲೆಂಡ್‌ನಲ್ಲಿ ಮಾಡಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ.

ಮೂರನೆಯದು ಮೈ. ಹೆಗಲು ಬಿಗಿಯುತ್ತದೆ, ಉಸಿರು ಗಿಡ್ಡವಾಗುತ್ತದೆ, ಕೊನೆಯ ಹೆಜ್ಜೆ ಮೋಟಾಗುತ್ತದೆ. ಊರುವ ಕಾಲು ಚೆಂಡಿನ ಪಕ್ಕಕ್ಕೆ ಬರದೆ ಹಿಂದೆಯೇ ಉಳಿಯುತ್ತದೆ, ಎದೆ ಹಿಂದಕ್ಕೆ ವಾಲುತ್ತದೆ, ಪಾದ ಚೆಂಡಿನ ನಡುವಿಗಿಂತ ಕೆಳಗೆ ತಾಗುತ್ತದೆ. ಚೆಂಡು ಬಾರ್ ಮೇಲೆ ಹೋಗುವುದು ಹೀಗೆ. ಯಾರಾದರೂ ಆ ಫೈನಲ್ ಅನ್ನು ಮೊಬೈಲ್‌ನಲ್ಲಿ ಹಿಡಿದಿದ್ದರೆ ಅವನ ಕಿಕ್ಕನ್ನು ನಿಧಾನಗತಿಯಲ್ಲಿ ನೋಡಿ. ಊರಿದ ಪಾದ ಚೆಂಡಿನ ಸಾಲಿನಲ್ಲಿ, ಅದರಿಂದ ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ಇರಬೇಕಿತ್ತು. ಹಿಂದೆ ಉಳಿದಿದ್ದರೆ ಕಾರಣ ಸಿಕ್ಕಂತೆ. ಇನ್ನೊಂದನ್ನೂ ನೋಡಿ: ಬೆಳಗಾವಿಯಲ್ಲಿ ಟೂರ್ನಿ ಮಳೆಗಾಲಕ್ಕೆ ಬಿದ್ದರೆ ಪೆನಾಲ್ಟಿ ಗುರುತಿನ ಸುತ್ತ ಕೆಸರೇ ಇರುತ್ತದೆ. ಊರುವ ಕಾಲು ಜಾರಿದ್ದರೆ ಅದಕ್ಕೆ ಮನಸ್ಸನ್ನು ದೂರಬೇಡಿ.

ಪ್ರಶ್ನೆ: ನಾನು ಹೈಸ್ಕೂಲ್ ಹುಡುಗರಿಗೆ ಕೋಚಿಂಗ್ ಮಾಡ್ತೇನ್ರಿ. ಒತ್ತಡದ ಪೆನಾಲ್ಟಿಗೆ ತಯಾರಿ ಮಾಡೋದು ಹ್ಯಾಂಗ? ದಿನಾ ಐವತ್ತು ಕಿಕ್ ಹೊಡಿಸಿದ್ರ ಸಾಕಾ?
– ಓದುಗರು, ವಿಜಯಪುರ

ಉತ್ತರ: ಐವತ್ತು ಹೊಡೆಸಿದರೆ ಐವತ್ತನೆಯದು ಚೆನ್ನಾಗಿ ಬರುತ್ತದೆ. ಪಂದ್ಯದಲ್ಲಿ ಸಿಗುವುದು ಒಂದೇ. 2022ರ ವಿಶ್ವಕಪ್‌ಗೆ ಮೊದಲು ಆಗಿನ ಸ್ಪೇನ್ ಕೋಚ್ ಲೂಯಿಸ್ ಎನ್ರಿಕೆ ತಮ್ಮ ಆಟಗಾರರಿಗೆ ಕ್ಲಬ್‌ಗಳಲ್ಲಿ ಕನಿಷ್ಠ ಸಾವಿರ ಪೆನಾಲ್ಟಿ ಹೊಡೆದು ಬರಲು ಹೇಳಿದ್ದರು. ಮೊರಾಕ್ಕೊ ಎದುರಿನ ಶೂಟೌಟ್‌ನಲ್ಲಿ ಮೂವರು ಹೊಡೆದರು, ಒಂದೂ ಗೋಲಾಗಲಿಲ್ಲ. ಮೂರು ಕಿಕ್ಕಿನಿಂದ ಏನೂ ಸಿದ್ಧವಾಗುವುದಿಲ್ಲ, ಒಪ್ಪುತ್ತೇವೆ. ಆದರೂ ಬರೀ ಎಣಿಕೆಯನ್ನು ನಂಬಿ ಕೂರಬೇಡಿ.

ಕೆಲಸವನ್ನು ಎರಡು ಭಾಗ ಮಾಡಿ. ಒಂದು ದಿನ ಬರೀ ಹೊಡೆತದ್ದು. ಎರಡೂ ಪೋಸ್ಟ್‌ಗಳಿಂದ ಒಂದು ಮೀಟರ್ ಒಳಗೆ ಬಾರ್‌ನಿಂದ ಹಗ್ಗ ಇಳಿಬಿಡಿ. ಚೆಂಡು ಹಗ್ಗ ಮತ್ತು ಪೋಸ್ಟಿನ ನಡುವೆ ಹೋಗಬೇಕು. ಕೀಪರ್ ಬೇಡ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಕಿಕ್ ಸಾಕು, ಕಾಲು ಸೋತ ಮೇಲೆ ಹೊಡೆದದ್ದು ತಪ್ಪು ರೂಢಿಯನ್ನೇ ಗಟ್ಟಿ ಮಾಡುತ್ತದೆ. ಹತ್ತಕ್ಕೆ ಏಳು ಆ ಸಂದಿನಲ್ಲಿ ಹೋಗುವವರೆಗೆ ಜೋರು ಹೆಚ್ಚಿಸಬೇಡಿ.

ಎರಡನೇ ಭಾಗ ವಾರಕ್ಕೆ ಎರಡು ಸಲ, ಅಭ್ಯಾಸದ ಕಟ್ಟಕಡೆಗೆ, ಮೈ ದಣಿದಾಗ. ಎರಡು ತಂಡ ಮಾಡಿ, ಟಾಸ್ ಹಾಕಿ, ಎಲ್ಲರನ್ನೂ ನಡು ವೃತ್ತದಲ್ಲಿ ನಿಲ್ಲಿಸಿ. ಅಲ್ಲಿಂದ ಪೆನಾಲ್ಟಿ ಗುರುತಿಗೆ ಸುಮಾರು 40 ಮೀಟರ್. ಆ ನಡಿಗೆಯೇ ಮನಸ್ಸು ಕೆಡುವ ಜಾಗ, ಅದನ್ನು ಬಿಟ್ಟು ಅಭ್ಯಾಸ ಮಾಡಿದರೆ ಅರ್ಧ ಪಾಠ ಬಿಟ್ಟಂತೆ. ಒಬ್ಬರಿಗೆ ಒಂದೇ ಕಿಕ್. ಸೀಟಿ ಊದಿ, ಸ್ಕೋರ್ ಕೂಗಿ ಹೇಳಿ, ಉಳಿದವರು ಗದ್ದಲ ಹಾಕಲಿ. ಸೋತ ತಂಡ ಕೋನ್, ಬಿಬ್ ಎತ್ತಿಡಲಿ, ಅಷ್ಟು ಶಿಕ್ಷೆ ಸಾಕು. ಸಣ್ಣ ಮಟ್ಟದ ಅಂಜಿಕೆಯಲ್ಲಿ ಅಭ್ಯಾಸ ಮಾಡಿದವರು ದೊಡ್ಡ ಅಂಜಿಕೆಯಲ್ಲೂ ಮಟ್ಟ ಉಳಿಸಿಕೊಳ್ಳುತ್ತಾರೆ ಎಂದು ಬೇರೆ ಬೇರೆ ಆಟಗಳ ಪ್ರಯೋಗಗಳು ತೋರಿಸಿವೆ.

ಪ್ರತಿಯೊಬ್ಬನಿಗೂ ಒಂದು ಕ್ರಮ ಇರಲಿ, ಅಭ್ಯಾಸದಲ್ಲೂ ಪಂದ್ಯದಲ್ಲೂ ಅದೇ. ಯಾವ ಮೂಲೆ ಎಂಬುದು ನಡು ವೃತ್ತ ಬಿಡುವ ಮೊದಲೇ ತೀರ್ಮಾನವಾಗಬೇಕು, ಆಮೇಲೆ ಬದಲಿಸುವಂತಿಲ್ಲ. ಚೆಂಡನ್ನು ತಾನೇ ಕೈಯಾರೆ ಇಡಬೇಕು. ಚೆಂಡಿನ ಯಾವುದಾದರೂ ಭಾಗ ಗುರುತಿನ ನಡುಬಿಂದುವಿನ ಮೇಲೆ ಬಂದರೆ ಸಾಕು, ನಿಯಮ ಅಷ್ಟನ್ನೇ ಕೇಳುತ್ತದೆ. ಆದ್ದರಿಂದ ಗುಂಡಿ ಇದ್ದರೆ ಒಂದೆರಡು ಬೆರಳು ಅತ್ತಿತ್ತ ಸರಿಸಬಹುದು. ಕಾಲು ಊರುವ ಜಾಗವನ್ನು ಬೂಟಿನಿಂದ ತುಳಿದು ನೋಡಬೇಕು, ಸ್ಟಡ್‌ಗಳ ಕೆಸರು ತೆಗೆಯಬೇಕು. ಎಣಿಸಿದ ಹೆಜ್ಜೆ ಹಿಂದೆ, ನಾಲ್ಕೋ ಐದೋ, ಆದರೆ ಯಾವಾಗಲೂ ಅಷ್ಟೇ. ಗೋಲಿಗೆ ಬೆನ್ನು ಹಾಕಿ ಹೋಗುವುದು ಬೇಡ. ಉದ್ದಕ್ಕೆ ಉಸಿರು ಬಿಟ್ಟು ಹೆಗಲು ಇಳಿಸಬೇಕು. ಮೂಲೆಯನ್ನು ಒಮ್ಮೆ ನೆಟ್ಟಗೆ ನೋಡಿ, ಸೀಟಿ ಆದ ಮೇಲೆ ಒಂದು ಉಸಿರಿನಷ್ಟು ನಿಂತು, ಕಣ್ಣು ಚೆಂಡಿಗೆ ತಂದು ಓಡಬೇಕು. ಸೀಟಿ ಕೇಳಿದ್ದೇ ತಡ ಓಡಿಬಿಡುವವರು ಹೆಚ್ಚು ತಪ್ಪಿಸುತ್ತಾರೆ ಎಂಬುದು ಯೋರ್ಡೆಟ್ ಅವರ ಇನ್ನೊಂದು ಶೋಧ, ಅದರಲ್ಲಿ ಇಂಗ್ಲೆಂಡ್ ಆಟಗಾರರು ಎಲ್ಲರಿಗಿಂತ ಅವಸರದವರಾಗಿದ್ದರು. ಬೇಗ ಮುಗಿಸಿ ಪಾರಾಗುವ ಆಸೆ ಅದು. ನೀವು ಹೊರಗಿನಿಂದ ‘ಮ್ಯಾಲೆ ಹೊಡಿಬ್ಯಾಡೋ’ ಎಂದು ಕೂಗಬೇಡಿ, ಹುಡುಗನ ತಲೆಯಲ್ಲಿ ಉಳಿಯುವುದು ಬಾರ್ ಮಾತ್ರ.

ಕೀಪರ್ ಯಾವ ಕಡೆ ಹಾರುತ್ತಾನೆಂದು ಕಾದು ಹೊಡೆಯುವ ವಿಧಾನವನ್ನು ಹೈಸ್ಕೂಲ್ ಹುಡುಗರಿಗೆ ಕಲಿಸಬೇಡಿ. ಕೀಪರ್ ತಡವಾಗಿ ಕದಲಿದರೆ ದಿಕ್ಕು ಬದಲಿಸಲು ಹೊತ್ತೇ ಉಳಿಯುವುದಿಲ್ಲ, ಕಿಕ್ ಮೆತ್ತಗಾಗಿ ನಡುವಿಗೆ ಬರುತ್ತದೆ.

ಒಂದು ನೋಟ್‌ಬುಕ್ ಇಡಿ: ಯಾರು, ಯಾವ ಮೂಲೆ, ಹಗ್ಗದ ಒಳಗೋ ಹೊರಗೋ, ದಣಿದಾಗಲೋ ಅಲ್ಲವೋ. ಇಪ್ಪತ್ತರಲ್ಲಿ 15 ಹೊಡೆದವನಿಗೂ 14 ಹೊಡೆದವನಿಗೂ ವ್ಯತ್ಯಾಸ ಇಲ್ಲ, ಚೆಂಡು ಹೋದ ಜಾಗ ನೋಡಿ ಆರಿಸಿ. ಅತ್ಯುತ್ತಮನನ್ನು ಐದನೆಯದಕ್ಕೆಂದು ಕಾದಿಡಬೇಡಿ. 2022ರ ವಿಶ್ವಕಪ್‌ನಲ್ಲಿ ಕ್ರೊಯೇಷ್ಯಾ ವಿರುದ್ಧ ನೇಮರ್ ಸರದಿ ಬರುವ ಮೊದಲೇ ಬ್ರೆಜಿಲ್ ಸೋತುಹೋಗಿತ್ತು. ಕಿಕ್ ಹೊಡೆಯಲೆಂದೇ ಕೊನೆಯ ನಿಮಿಷಕ್ಕೆ ಒಬ್ಬನನ್ನು ಒಳಗೆ ಕಳಿಸುವುದೂ ನಮ್ಮ ಮಟ್ಟಿಗೆ ಸರಿಯಲ್ಲ. 2021ರ ಯೂರೊ ಫೈನಲ್‌ನಲ್ಲಿ ರ‍್ಯಾಶ್‌ಫೋರ್ಡ್, ಸಾಂಚೊ ಹಾಗೆ ಬಂದವರು, ಇಬ್ಬರದ್ದೂ ಗೋಲಾಗಲಿಲ್ಲ. ಹತ್ತು ನಿಮಿಷ ಮೊದಲೇ ಕಳಿಸಿ, ಚೆಂಡು ನಾಲ್ಕಾರು ಸಲ ಕಾಲಿಗೆ ಸಿಗಲಿ. ತಪ್ಪಿಸಿದ ಹುಡುಗ ಆ 40 ಮೀಟರ್ ಒಬ್ಬನೇ ನಡೆದು ಬರಬಾರದು, ಇಬ್ಬರು ಎದುರು ಹೋಗಿ ಕರೆತರಲಿ ಎಂದು ಮೊದಲೇ ಗೊತ್ತುಮಾಡಿ.

ಪ್ರಶ್ನೆ: ಟಾಸ್ ಗೆದ್ದರೆ ಮೊದಲು ಹೊಡೆಯಬೇಕೇ?
– ಓದುಗರು, ಬೆಳಗಾವಿ ಕ್ಯಾಂಪ್

ಉತ್ತರ: ಮೊದಲು ಹೊಡೆಯಿರಿ, ಆದರೆ ಅದರ ಮೇಲೆ ಆಸೆ ಕಟ್ಟಬೇಡಿ. ಮೊದಲು ಹೊಡೆದ ತಂಡ ನೂರಕ್ಕೆ 60 ಸಲ ಗೆಲ್ಲುತ್ತದೆ ಎಂದು 2010ರ ಅಧ್ಯಯನವೊಂದು ಹೇಳಿತ್ತು. ಹೆಚ್ಚು ಶೂಟೌಟ್‌ಗಳನ್ನು ಸೇರಿಸಿ ನೋಡಿದಾಗ ಆ ಅಂತರ ಬಹಳ ಕರಗಿತು. ಸರದಿಯನ್ನು ಅದಲು ಬದಲು ಮಾಡುವ ಪದ್ಧತಿಯನ್ನು 2017ರಲ್ಲಿ ಪ್ರಯೋಗಿಸಿ ಮರುವರ್ಷ ಕೈಬಿಟ್ಟರು.

ಪ್ರಶ್ನೆ: ನನ್ನ ಮಗಳು ಕಾಲೇಜ್ ಟೀಮಿನ ಕೀಪರ್. ಟೈಬ್ರೇಕರ್ ಅಂದ್ರ ರಾತ್ರಿ ನಿದ್ದಿ ಮಾಡಂಗಿಲ್ರಿ. ಆಕಿಗೆ ಏನ್ ಹೇಳ್ಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಲೆಕ್ಕ ಆಕೆಯ ಕಡೆಗಿದೆ ಎಂದು ಹೇಳಿ. ತಾಸಿಗೆ 90 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಗೋಲು ಮುಟ್ಟುತ್ತದೆ, ತಡೆಯದಿದ್ದರೆ ಕೀಪರ್‌ನನ್ನು ಯಾರೂ ಬೈಯುವುದಿಲ್ಲ. ಐದರಲ್ಲಿ ಒಂದು ತಡೆದರೂ ಪಂದ್ಯ ತಿರುಗಬಹುದು. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್ಬಾಲ್) ಫೈನಲ್ ಸಡನ್ ಡೆತ್‌ಗೆ, ಅಂದರೆ ಐದೈದು ಕಿಕ್ ಸಮವಾದ ಮೇಲಿನ ಒಂದೊಂದೇ ಕಿಕ್ಕಿನ ಹಂತಕ್ಕೆ, ಹೋದಾಗ, ಕುವೈತ್‌ನ ಕೊನೆಯ ಕಿಕ್ಕನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು, ಭಾರತ 5-4ರಲ್ಲಿ ಗೆದ್ದಿತು.

ಕೀಪರ್‌ಗಳ ಮೇಲೂ ಒತ್ತಡ ಒಂದು ಆಟ ಆಡುತ್ತದೆ: ಸುಮ್ಮನೆ ನಿಲ್ಲಲು ಬಿಡುವುದಿಲ್ಲ. ಇಸ್ರೇಲ್‌ನ ಸಂಶೋಧಕರು 286 ಪೆನಾಲ್ಟಿ ನೋಡಿದಾಗ ಕೀಪರ್‌ಗಳು ನಡುವೆ ನಿಂತದ್ದು ನೂರಕ್ಕೆ ಆರು ಸಲ ಮಾತ್ರ, ಆದರೆ ಸುಮಾರು ಮೂರರಲ್ಲೊಂದು ಕಿಕ್ ನಡುವಿಗೇ ಬಂದಿತ್ತು. ಆದ್ದರಿಂದ ಮೊದಲೇ ಹಾರಿಬಿಡುವ ರೂಢಿ ಬಿಡಿಸಿ. ಹೊಡೆಯುವವಳ ಊರುವ ಕಾಲು ಮತ್ತು ಸೊಂಟ ಯಾವ ಕಡೆ ತಿರುಗುತ್ತವೆ ಎಂದು ನೋಡುವುದನ್ನು ಅಭ್ಯಾಸ ಮಾಡಲಿ, ಕಾಲು ಊರಿದ ಕ್ಷಣಕ್ಕೆ ಕದಲಲಿ. ಹಾಗೆ ಮಾಡುವಾಗ ಗೆರೆಯ ಲಕ್ಷ್ಯ ಇರಲಿ: ಚೆಂಡು ಒದೆಯುವ ಹೊತ್ತಿಗೆ ಕನಿಷ್ಠ ಒಂದು ಪಾದದ ಭಾಗವಾದರೂ ಗೋಲ್ ಗೆರೆಯನ್ನು ಮುಟ್ಟಿರಬೇಕು, ಇಲ್ಲವೇ ಅದರ ನೇರಕ್ಕೋ ಹಿಂದೆಯೋ ಇರಬೇಕು. ಮುಂದೆ ಬಂದು ತಡೆದರೆ ಕಿಕ್ ಮತ್ತೆ ಹೊಡೆಸುತ್ತಾರೆ, ಮೊದಲ ಸಲ ಬಾಯಿಮಾತಿನ ಎಚ್ಚರಿಕೆ, ಮತ್ತೆ ಮಾಡಿದರೆ ಹಳದಿ ಕಾರ್ಡ್.