ಹಾಸಿಗೆ ಹಿಡಿದ ಅಮ್ಮನನ್ನು ಸೇರಿಸುವ ಮುಂಚೆ ಕೇರ್ ಹೋಮ್‌ನಲ್ಲಿ ಏನು ನೋಡಬೇಕು?

ನೀವು ಕೇಳಿದ್ದು ಇಷ್ಟು: ನೀವಿರುವುದು ನ್ಯೂಜೆರ್ಸಿಯಲ್ಲಿ, ಅಮ್ಮ ಮೈಸೂರಿನಲ್ಲಿ. ಅವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದಿದೆ. ಮೂರು ವಾರದ ರಜೆಯಲ್ಲಿ ಬರುತ್ತಿದ್ದೀರಿ. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಮೆಡಿಕೇರ್‌ನವರು, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯವರು, ಸ್ಟಾರ್ ಕೊಡುವ ಹಾಗೆ ಇಲ್ಲೂ ಏನಾದರೂ ಇದೆಯಾ, ಇಲ್ಲದಿದ್ದರೆ ಒಳ್ಳೆಯ ಜಾಗ ಯಾವುದು ಅಂತ ಹೇಗೆ ತಿಳಿಯುವುದು?

ಇಲ್ಲಿ ಅಂಥ ಸ್ಟಾರ್ ಇಲ್ಲ. ಇನ್ನೊಂದು ಮಾತು, ಇಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ. ಹಾಗೆ ವಿಚಾರಿಸಿದರೆ ಹೆರಿಗೆ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ! ಕೇರ್ ಹೋಮ್ ಅಂತ ಕೇಳಿ. ವೃದ್ಧಾಶ್ರಮಗಳಲ್ಲಿ ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುವವರೇ ಜಾಸ್ತಿ. ಅಮೆರಿಕದ ಆ ಸ್ಟಾರ್ ನಿಂತಿರುವುದು ಮೂರು ವಿಷಯದ ಮೇಲೆ: ತಪಾಸಣೆಯವರು ಕಂಡದ್ದು, ನೋಡಿಕೊಳ್ಳುವವರು ಎಷ್ಟು ಜನ ಅನ್ನುವುದು, ಆಮೇಲೆ ಒಳಗಿರುವವರ ಆರೋಗ್ಯ ಹೇಗಿದೆ ಅನ್ನುವುದು. ಇಲ್ಲಿ ಆ ತಪಾಸಣೆಯವರು ನೀವೇ.

ನನ್ನ ಅಪ್ಪ ಹೆಚ್ಚುಕಮ್ಮಿ ಎರಡು ವರ್ಷ ಇಂಥ ಕಡೆ ಇದ್ದರು, ಬೆಂಗಳೂರಿನಲ್ಲಿ. ಮೊದಲು ಸೇರಿಸಿದ ಜಾಗ ನೋಡಿದರೆ ಯಾರಾದರೂ ಮೆಚ್ಚಬೇಕು. ಗ್ರಾನೈಟ್ ನೆಲ, ಮೀನಿನ ತೊಟ್ಟಿ, ಚಿಕ್ಕ ದೇವರ ಮನೆ. ನಾನು ಹೋಗುತ್ತಿದ್ದದ್ದು ಭಾನುವಾರ ಹನ್ನೊಂದಕ್ಕೆ. ಹೋದಾಗಲೆಲ್ಲ ಅಪ್ಪನ ಹಣೆಗೆ ವಿಭೂತಿ, ಮೈಯಿಂದ ಪೌಡರ್ ವಾಸನೆ, ಎದೆಯವರೆಗೆ ಒಗೆದ ಹೊದಿಕೆ. ನೆಮ್ಮದಿಯಿಂದ ವಾಪಸ್ ಬರುತ್ತಿದ್ದೆ.

ಐದನೇ ವಾರ ಆಫೀಸಿನ ಕೆಲಸದ ಮೇಲೆ ಆ ಕಡೆ ಹೋದವನು ಬುಧವಾರ ಮಧ್ಯಾಹ್ನ ಮೂರೂವರೆಗೆ ಸುಮ್ನೆ ಒಳಗೆ ಹೋದೆ. ಡೈಪರ್ ಒದ್ದೆಯಾಗಿತ್ತು. ಬದಲಾಯಿಸಲು ಪಕ್ಕಕ್ಕೆ ಹೊರಳಿಸಿದಾಗ ಕಂಡಿತು. ಬೆನ್ನಿನ ಕೆಳಗೆ, ಬಾಲದ ಮೂಳೆಯ ಹತ್ತಿರ, ಐದು ರೂಪಾಯಿ ನಾಣ್ಯದಷ್ಟು ಹುಣ್ಣು. ನಡುವೆ ಕಪ್ಪಗಾಗಿತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಇಂಥ ಹುಣ್ಣಾಗುತ್ತದೆ ಅಂತಲೇ ಆಗಾಗ ಹೊರಳಿಸುವುದು. ಮಂಚದ ಕಾಲ್ತುದಿಯಲ್ಲಿ ಹಾಗೆ ಹೊರಳಿಸಿದ ಲೆಕ್ಕದ ಹಾಳೆ ನೇತಾಡುತ್ತಿತ್ತು. ಎರಡೆರಡು ಗಂಟೆಗೊಂದು ಟಿಕ್. ನಾಲ್ಕು ಗಂಟೆಯ ಟಿಕ್ಕೂ ಬಿದ್ದಿತ್ತು, ಆರು ಗಂಟೆಯದೂ ಬಿದ್ದಿತ್ತು. ಗಡಿಯಾರದಲ್ಲಿ ಇನ್ನೂ ಮೂರೂವರೆ. ಆ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಅದಕ್ಕೇ ಹೇಳುವುದು, ಲಾಬಿ ಬಿಡಿ, ಅಲ್ಲಿರುವ ಅಜ್ಜ ಅಜ್ಜಿಯರ ಮೈ ನೋಡಿ. ಬೇರೆಯವರ ಹೊದಿಕೆ ಎತ್ತಿ ನೋಡಲಾಗುವುದಿಲ್ಲ, ಸರಿಯೂ ಅಲ್ಲ. ಆದರೆ ಹಿಮ್ಮಡಿ ಕಾಣುತ್ತದೆ, ಉಗುರು ಕಾಣುತ್ತದೆ, ತುಟಿ ಒಣಗಿರುವುದು ಕಾಣುತ್ತದೆ. ಮೂತ್ರದ ಚೀಲ ಮಂಚಕ್ಕಿಂತ ಕೆಳಗೆ ನೇತಾಡಬೇಕು, ಆದರೆ ನೆಲ ಮುಟ್ಟಬಾರದು. ಹಾಸಿಗೆಯ ಮೇಲೇ ಇಟ್ಟಿದ್ದರೆ ಮೂತ್ರ ವಾಪಸ್ ಹರಿದು ಸೋಂಕಾಗಬಹುದು. ಮೂಗಿನ ಟ್ಯೂಬಿನಲ್ಲಿ ಗಂಜಿ ಕೊಡುತ್ತಿದ್ದರೆ ತಲೆಯ ಕಡೆ ಎತ್ತರಿಸಿರಬೇಕು, ಕೊಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಇರಬೇಕು. ಹುಣ್ಣಾಗದಿರಲಿ ಅಂತ ಹಾಕುವ, ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ಇದೆ ಅಂತ ಹೆಮ್ಮೆಯಿಂದ ತೋರಿಸಿದರೆ ಬಗ್ಗಿ ಪಂಪ್ ನೋಡಿ. ಪಕ್ಕದ ಮಂಚದ ಮೊಬೈಲ್ ಚಾರ್ಜಿಗೆ ಅಂತ ಅದರ ಪ್ಲಗ್ ಕಿತ್ತಿದ್ದನ್ನು ನಾನೇ ನೋಡಿದ್ದೇನೆ.

ನಿಮ್ಮ ಅಮ್ಮನ ವಿಷಯಕ್ಕೆ ಬರೋಣ. ಬಲಭಾಗ ಬಿದ್ದವರಲ್ಲಿ ಎಷ್ಟೋ ಜನಕ್ಕೆ ಮಾತೂ ತೊದಲುತ್ತದೆ ಅಥವಾ ನಿಂತುಹೋಗಿರುತ್ತದೆ. ನೋವು ಅಂತ ಹೇಳಲೂ ಆಗುವುದಿಲ್ಲ. ನೀರಿನ ಲೋಟ, ಕರೆಯುವ ಬೆಲ್ ಅವರ ಎಡಗೈಗೆ ಸಿಗುವ ಹಾಗೆ ಇದೆಯಾ ನೋಡಿ. ಬಲಗಡೆಯ ಟೇಬಲ್ ಮೇಲಿಟ್ಟರೆ ಇದ್ದೂ ಇಲ್ಲದ ಹಾಗೆ. ನೀರು ಕುಡಿಯುವಾಗ ಕೆಮ್ಮು ಬಂದರೆ ಏನು ಮಾಡುತ್ತೀರಿ ಅಂತ ಆಯಾನ ಕೇಳಿ, ಮ್ಯಾನೇಜರನ್ನಲ್ಲ. ನಿಲ್ಲಿಸಿ, ನೇರ ಕೂರಿಸಿ, ಸಿಸ್ಟರ್‌ಗೆ ಹೇಳುತ್ತೇವೆ ಅಂದರೆ ಆಕೆಗೆ ಯಾರೋ ಕಲಿಸಿದ್ದಾರೆ.

ಮಧ್ಯಾಹ್ನ ನಾಲ್ಕಕ್ಕೂ ಎಲ್ಲರೂ ಗಾಢ ನಿದ್ದೆಯಲ್ಲಿದ್ದರೆ ನನಗೆ ಅನುಮಾನ ಬರುತ್ತದೆ. ನಿದ್ದೆ ಮಾತ್ರೆ ಯಾರು ಬರೆದರು, ಚೀಟಿ ಎಲ್ಲಿ ಅಂತ ಕೇಳಬಹುದು. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ ಕೈ ಕಟ್ಟುವ ಜಾಗಗಳಿವೆ. ಕಟ್ಟುತ್ತೀರಾ, ಯಾರನ್ನು ಕೇಳಿ ಕಟ್ಟುತ್ತೀರಿ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ರಾತ್ರಿ ಒಂಬತ್ತರ ಮೇಲೆ ಒಂದು ಸಲ ಹೋಗಲೇಬೇಕು. ಎಷ್ಟು ಜನ ಸ್ಟಾಫ್ ಇದ್ದಾರೆ ಅಂತ ಕೇಳಿದರೆ ಹಗಲು ರಾತ್ರಿ ಎಲ್ಲ ಕೂಡಿಸಿ ಹೇಳುತ್ತಾರೆ. ಇವತ್ತು ರಾತ್ರಿ ಈ ಮಹಡಿಯಲ್ಲಿ ಯಾರು ಯಾರಿದ್ದೀರಿ ಅಂತ ಹೆಸರು ಕೇಳಿ. ಬಾಡಿಗೆ ಮನೆಯನ್ನೇ ಕೇರ್ ಹೋಮ್ ಮಾಡಿರುವ ಕಡೆ ರಾತ್ರಿ ಕಬ್ಬಿಣದ ಗೇಟಿಗೆ ಬೀಗ ಬೀಳುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ? ಓನರ್ ಮನೆಯಲ್ಲಿದೆ ಅಂದರೆ ಬೆಂಕಿ ಬಿದ್ದಾಗ ಎರಡನೇ ಮಹಡಿಯಲ್ಲಿ ಮಲಗಿರುವವರ ಗತಿ ಯೋಚಿಸಿ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಚಿಕಿತ್ಸೆ ಕೊಡುವ ಜಾಗವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಕೆಳಗೆ ನೋಂದಣಿ ಆಗಿರಬೇಕು. ಕೆಪಿಎಂಇ ಅಂದರೆ ಅವರಿಗೆ ಗೊತ್ತಾಗುತ್ತದೆ. ಆ ಪತ್ರ, ದರಪಟ್ಟಿ ಎರಡೂ ಗೋಡೆ ಮೇಲೆ ಕಾಣಬೇಕು. ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತದೆ, ಡೈಪರ್ ಬೇರೆಯಾ, ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಬಾಡಿಗೆ ಕೊಡಬೇಕಾ, ಇದೆಲ್ಲ ಬರವಣಿಗೆಯಲ್ಲಿರಲಿ. ಹಿರಿಯರ ಸಹಾಯವಾಣಿ 14567 ಅನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಅಪ್ಪನನ್ನು ಆಮೇಲೆ ಕರೆದೊಯ್ದ ಜಾಗದ ಗೋಡೆಗೆ ಬಣ್ಣ ಬಳಿದು ಎಷ್ಟು ವರ್ಷವಾಗಿತ್ತೋ. ಮೊದಲ ದಿನ ಹೋದಾಗ ನನ್ನ ಹೆಂಡತಿ ಮುಖ ಸಿಂಡರಿಸಿದಳು. ಅಷ್ಟರಲ್ಲಿ ಕಲಬುರಗಿ ಕಡೆಯ ಆಯಾ ಒಬ್ಬರು ಪಕ್ಕದ ಮಂಚದ ಮುದುಕರಿಗೆ "ಯಜ್ಜಾ, ಈಗ ಈ ಕಡೆ ಹೊಳ್ಳಸ್ತೀನ್ರಿ" ಅಂದು, ಅವರು ಹೂಂ ಅನ್ನುವವರೆಗೂ ಕಾದು, ಆಮೇಲೆ ಕೈ ಹಾಕಿದರು. ಪೂರ್ತಿ ಎಚ್ಚರವೂ ಇಲ್ಲದ ಮನುಷ್ಯ ಅವರು. ನಾವು ಅಲ್ಲೇ ಸೇರಿಸಿದೆವು. ಅಲ್ಲಿ ತಿಂಗಳಿಗೊಮ್ಮೆ ತೂಕ ನೋಡಿ ಬರೆಯುತ್ತಿದ್ದರು. ಎರಡು ಕೆಜಿ ಇಳಿದಾಗ ಅವರೇ ಫೋನ್ ಮಾಡಿದರು, ನಾನು ಕೇಳುವ ಮೊದಲೇ. ತಪ್ಪೇ ಆಗಲಿಲ್ಲ ಅಂತಲ್ಲ, ಎರಡು ಸಲ ಕನ್ನಡಕ ಕಳೆದುಹಾಕಿದರು.

ನಿಮ್ಮ ಮೂರು ವಾರದಲ್ಲಿ ಮೊದಲ ವಾರವೇ ಸೇರಿಸಿಬಿಡಿ. ಉಳಿದ ದಿನ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ, ಅಮ್ಮನ ಬೆನ್ನು, ಹಿಮ್ಮಡಿ ನೋಡಿ. ಕೆಂಪಗಿದ್ದರೆ ಬೆರಳಿಂದ ಒತ್ತಿ. ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ. ಹೊರಡುವ ಮುಂಚೆ ಊರಲ್ಲಿರುವ ಯಾರಿಗಾದರೂ, ಅತ್ತಿಗೆಗೋ ಪಕ್ಕದ ಮನೆಯವರಿಗೋ, ಇದನ್ನು ತೋರಿಸಿಕೊಡಿ. ಅಲ್ಲಿಂದ ವಿಡಿಯೋ ಕಾಲ್ ಮಾಡಿದಾಗ ತಲೆ ಬಾಚಿ ಮುಖ ಮಾತ್ರ ತೋರಿಸುತ್ತಾರೆ, ಹಿಮ್ಮಡಿ ತೋರಿಸಿ ಅನ್ನಿ. ನಿಮ್ಮಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಾದರೆ ಹತ್ತೂವರೆ. ಆ ಹೊತ್ತಿಗೇ ಮಾಡಿ, ಫೋನ್ ಎತ್ತುವುದು ರಾತ್ರಿ ಪಾಳಿಯವರು.