ಸುದ್ದಿಮನೆಯ ಎಐ: ಬಿಲ್ ಕಟ್ಟೋರು ಯಾರು?

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದುಬಿಟ್ಟಿದ್ದೆ. ನಮ್ಮ ಕೆಲವು ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಬರೆದುಕೊಡುವುದು ಈಗ ಎಐ, ತಿದ್ದುವುದು ನಾವು ಅಂತ. ಅಷ್ಟಕ್ಕೇ ಪತ್ರಗಳ ಸುರಿಮಳೆ. ಅರ್ಧ ಜನ ಬೈದಿದ್ದಾರೆ, ಇನ್ನರ್ಧ ಜನ ಆ ಆ್ಯಪ್ ಹೆಸರು ಹೇಳಿ ಸಾರ್ ಎಂದಿದ್ದಾರೆ. ಬೈಗುಳವನ್ನೂ ಆ್ಯಪನ್ನೂ ಪಕ್ಕಕ್ಕಿಟ್ಟು, ದುಡ್ಡಿನ ವಿಷಯ ಕೇಳಿದವರಿಗೆ ಮಾತ್ರ ಈ ಸಲ ಉತ್ತರ.

ಪೇಪರ್ ಯಾರದ್ದು ಅಂತ ಕೊನೆ ಪುಟದ ಕೆಳಗೆ ಇರುವೆಯಂಥ ಅಕ್ಷರದಲ್ಲಾದರೂ ಹಾಕಿರುತ್ತಾರೆ. ಈ ಎಐ ಯಾರದ್ದು? ಅದರ ಮಾಲೀಕರ ಹೆಸರನ್ನೂ ಅಲ್ಲೇ ಹಾಕಬಾರದೇಕೆ?
ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಬ್ಯಾಂಕಿನವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಆ ಇರುವೆ ಅಕ್ಷರದ ಹಿಂದೆ 1867ರ ಕಾನೂನಿತ್ತು, ಈಗ ಅದರ ಜಾಗಕ್ಕೆ 2023ರ ಹೊಸದು ಬಂದಿದೆ. ಅಚ್ಚು ಹಾಕಿದವರು ಯಾರು, ಪ್ರಕಟಿಸಿದವರು ಯಾರು ಅಂತ ಹೇಳಬೇಕು. ಬರೆಯಲು ಬಳಸಿದ ಸಾಫ್ಟ್‌ವೇರ್ ಯಾರದ್ದು ಅಂತ ಹೇಳಬೇಕಾಗಿಲ್ಲ. ನಿಮ್ಮ ಸಲಹೆಯನ್ನು ನಮ್ಮ ಸಂಪಾದಕರ ಮುಂದಿಟ್ಟೆ, "ನೋಡೋಣ" ಎಂದರು. ಸಂಪಾದಕರ "ನೋಡೋಣ" ಅಂದರೆ ಏನು ಅಂತ ನಲವತ್ತು ವರ್ಷ ಲೋನ್ ಅರ್ಜಿ ನೋಡಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಮಾಲೀಕರ ವಿಷಯ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ 2015ರಲ್ಲಿ ಶುರುವಾದಾಗ ಲಾಭ ಬೇಡ ಎನ್ನುವ ಸಂಸ್ಥೆ. 2019ರಲ್ಲಿ ಮೈಕ್ರೋಸಾಫ್ಟ್ 100 ಕೋಟಿ ಡಾಲರ್ ತಂದಿಟ್ಟಿತು, ಆಮೇಲೆ ಇನ್ನೂ ಬಹಳ. 2025ರ ಅಕ್ಟೋಬರಿನಲ್ಲಿ ಪಾಲು ಹಂಚಿಕೆಯಾಗಿ ಮೈಕ್ರೋಸಾಫ್ಟ್‌ಗೆ ಸುಮಾರು ಶೇ 27, ಮೊದಲಿನ ಲಾಭ ಬೇಡದ ಫೌಂಡೇಶನ್‌ಗೆ ಸುಮಾರು ಶೇ 26 ಬಂತು. ಓಪನ್‌ಎಐ ಬಿಟ್ಟು ಬಂದವರು 2021ರಲ್ಲಿ ಕಟ್ಟಿದ್ದು ಆಂಥ್ರೊಪಿಕ್, ಕ್ಲಾಡ್ ಎನ್ನುವ ಎಐ ಅವರದ್ದು. ಅದರಲ್ಲಿ 2023 ಮತ್ತು 2024ರಲ್ಲಿ ಅಮೆಜಾನ್ ಹಾಕಿದ್ದೇ 800 ಕೋಟಿ ಡಾಲರ್, ಗೂಗಲ್‌ನ ಹಣವೂ ಇದೆ. ಜೆಮಿನಿ ಹೇಗೂ ಗೂಗಲ್‌ದೇ. ಪ್ರಶ್ನೆ ಕೇಳಿದರೆ ಇಂಟರ್ನೆಟ್ಟಿನಲ್ಲಿ ಹುಡುಕಿ ಉತ್ತರ ಕೊಡುವ ಎಐ ಪರ್ಪ್ಲೆಕ್ಸಿಟಿಯಲ್ಲಿ ಹಣ ಹಾಕಿದವರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಒಬ್ಬರು, ಅವರೇ 2013ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯನ್ನು ಕೊಂಡವರು.

ತಮಾಷೆ ಏನೆಂದರೆ, ಹೀಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಕೊಟ್ಟವರ ಜೇಬಿಗೇ ವಾಪಸ್ ಬರುತ್ತದೆ. ಎಐ ಓಡಬೇಕಾದರೆ ಸಾವಿರಾರು ಕಂಪ್ಯೂಟರ್ ಬೇಕು, ಅವನ್ನು ಬಾಡಿಗೆಗೆ ಕೊಡುವವರು ಇದೇ ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್. ಮನೆ ಮಾಲೀಕರೇ ಸಾಲ ಕೊಟ್ಟು ತಿಂಗಳಾದ ಮೇಲೆ ಬಾಡಿಗೆ ಅಂತ ಎಣಿಸಿಕೊಂಡ ಹಾಗೆ. ನಿಮ್ಮ ಬ್ಯಾಂಕಿನಲ್ಲಿ ಇದಕ್ಕೆ ಏನೋ ಹೆಸರಿದ್ದಿರಬೇಕು, ಅಲ್ವಾ?

ಪೆನ್ ಕಂಪನಿ ಯಾರದ್ದು ಅಂತ ನೋಡಿ ಯಾರಾದರೂ ವರದಿ ಬರೀತಾರಾ? ಟೂಲ್ ಟೂಲ್ ಅಷ್ಟೇ. ಮಾಲೀಕರನ್ನು ಕಟ್ಟಿಕೊಂಡು ನಮಗೇನು?
ಪತ್ರಿಕೋದ್ಯಮ ವಿದ್ಯಾರ್ಥಿನಿ, ಕೆಂಗೇರಿ

ಈ ಪೆನ್ನಿನ ಮಾತನ್ನು ನಾನೂ ಬಹಳ ದಿನ ಹೇಳಿಕೊಂಡು ತಿರುಗಿದ್ದೆ ಕಣಮ್ಮ. ಪೆನ್ ಖಾಲಿಯಾದರೆ ಇನ್ನೊಂದು ತಗೋಬಹುದು, ಹಳೇ ಪೆನ್ನಿನಲ್ಲಿ ಬರೆದದ್ದು ಅದರ ಜೊತೆ ಹೋಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಡಿಟಿಪಿ ಕೋಣೆಯ ಕಂಪ್ಯೂಟರಿನ ಹಿಂದೆ ಹೆಬ್ಬೆರಳಿನಷ್ಟು ದಪ್ಪದ ಒಂದು ಡಾಂಗಲ್ ಚುಚ್ಚಿರುತ್ತಿತ್ತು. ಅದನ್ನು ಕಿತ್ತರೆ ಕನ್ನಡ ಬರುತ್ತಿರಲಿಲ್ಲ. ಡಿಟಿಪಿ ಮಾಡುವವರು ರಾತ್ರಿ ಮನೆಗೆ ಹೋಗುವಾಗ ಅದನ್ನು ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಚಿನ್ನದ ಸರ ಇಟ್ಟ ಹಾಗೆ. ಒಂದೊಂದು ಪ್ಯಾಕೇಜಿಗೆ ಒಂದೊಂದು ಅಕ್ಷರದ ಲೆಕ್ಕ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಚುಕ್ಕಿ, ಬಾಣ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಲೆಕ್ಕ ಎನ್ನುವ ಯುನಿಕೋಡ್ ಬಂದ ಮೇಲೆ ಕನ್ವರ್ಟರ್ ಹಾಕಿ ನೋಡಿದೆವು, ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಎಷ್ಟೋ ಹಳೇ ಸಂಚಿಕೆ ಇವತ್ತಿಗೂ ಸಿ.ಡಿ.ಗಳಲ್ಲಿ ಹಾಗೇ ಬಿದ್ದಿವೆ. ಬರೆದವರು ನಾವು, ಬೀಗದ ಕೈ ಮಾತ್ರ ಇನ್ಯಾರದ್ದೋ ಹತ್ತಿರ. ಇಂಥ ಗೋಜಲಿನ ನಡುವೆಯೇ ರಾಜ್ಯ ಸರಕಾರ ದುಡ್ಡು ಕೊಟ್ಟು, ಕನ್ನಡ ಗಣಕ ಪರಿಷತ್ತಿನಿಂದ ನುಡಿ ಎನ್ನುವ ಕನ್ನಡ ಸಾಫ್ಟ್‌ವೇರ್ ಮಾಡಿಸಿ ಪುಕ್ಕಟೆ ಹಂಚಿದ್ದು.

ಎಐನಲ್ಲೂ ನಾನು ನೋಡುವುದು ಆ ಬೀಗದ ಕೈಯನ್ನೇ. ಮಾಲೀಕ ಬಂದು "ಹೀಗೆ ಬರಿ" ಅಂತ ಹೇಳುತ್ತಾನೆ ಅನ್ನುವ ಭಯ ನನಗೆ ಅಷ್ಟಾಗಿ ಇಲ್ಲ. ಆದರೆ ಅಂಗಡಿ ಯಾವತ್ತು ಮುಚ್ಚಬೇಕು, ಯಾವತ್ತು ರೇಟ್ ಏರಿಸಬೇಕು ಅನ್ನುವುದು ಅವನ ಕೈಯಲ್ಲಿದೆ. ಕ್ರೌಡ್‌ಟ್ಯಾಂಗಲ್ ಅಂತ ಒಂದು ಟೂಲ್ ಇತ್ತು, ಫೇಸ್‌ಬುಕ್‌ನಲ್ಲಿ ಯಾವ ಪೋಸ್ಟ್ ಎಷ್ಟು ಹಬ್ಬುತ್ತಿದೆ ಅಂತ ತೋರಿಸುತ್ತಿತ್ತು, ಸುಳ್ಳು ಸುದ್ದಿ ಹಿಡಿಯುವವರಿಗೆ ಅದೇ ಕಣ್ಣು. 2016ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. 2024ರ ಆಗಸ್ಟ್ 14ಕ್ಕೆ ಮುಚ್ಚಿತು, ಅಮೆರಿಕದ ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ. ಬೇಡ ಅಂತ ಪತ್ರಕರ್ತರು ಕೇಳಿಕೊಂಡರು, ಆಗಲಿಲ್ಲ.

ಕೈ ಬದಲಾಗುವುದೂ ಹೊಸತಲ್ಲ. 2014ರಲ್ಲೇ ಎಪಿ ಸುದ್ದಿಸಂಸ್ಥೆ ಕಂಪನಿಗಳ ಮೂರು ತಿಂಗಳ ಲೆಕ್ಕದ ಸುದ್ದಿಗಳನ್ನು ಆಟೊಮೇಟೆಡ್ ಇನ್‌ಸೈಟ್ಸ್ ಎನ್ನುವ ಕಂಪನಿಯ ಸಾಫ್ಟ್‌ವೇರಿನಿಂದ ಬರೆಸಲು ಶುರು ಮಾಡಿತ್ತು, ಆ ಕಂಪನಿಯಲ್ಲಿ ಎಪಿಯ ಹಣವೂ ಇತ್ತು. ಮರುವರ್ಷವೇ ವಿಸ್ಟಾ ಎನ್ನುವ ಹೂಡಿಕೆ ಸಂಸ್ಥೆ ಆ ಕಂಪನಿಯನ್ನೇ ಕೊಂಡುಕೊಂಡಿತು.

ನನಗೇ ಆದದ್ದು ಒಂದಿದೆ. ಫ್ರೀ ಅಂತ ಒಂದು ಆ್ಯಪಿನಲ್ಲಿ ವರ್ಷಗಟ್ಟಲೆ ಸಂದರ್ಶನ ತುಂಬಿಸಿದ್ದೆ. ಒಂದು ಬೆಳಗ್ಗೆ ನೋಡಿದರೆ ಹಳೆಯವು ತೆರೆಯಬೇಕಾದರೆ ತಿಂಗಳಿಗೆ ಇಷ್ಟು ಕಟ್ಟು ಎಂದಿತು. ಕಟ್ಟಿದೆ. ಕಟ್ಟದೆ ಏನು ಮಾಡಲಿ, ಅದರಲ್ಲಿ ತೀರಿಹೋದ ಇಬ್ಬರ ದನಿ ಇತ್ತು.

ಪತ್ರಿಕೆಗಳು ಎಐ ಕಂಪನಿಗಳ ಮೇಲೆ ಕೇಸ್ ಹಾಕುತ್ತವೆ. ಅವರ ಹತ್ತಿರವೇ ದುಡ್ಡೂ ಇಸಿದುಕೊಳ್ಳುತ್ತವೆ. ಇದೇನು ನಾಟಕ ಸ್ವಾಮಿ?
ಮಲ್ಲೇಶ್ವರದ ಓದುಗರು

ನಾಟಕ ಅಲ್ಲ, ಚೌಕಾಸಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನವರ ಹತ್ತಿರ ಜಗಳ ಆಡಿ, ಎರಡು ಹೆಜ್ಜೆ ಮುಂದೆ ಹೋಗಿ, ವಾಪಸ್ ಬಂದು ಅಲ್ಲೇ ತಗೊಳ್ಳುತ್ತೇವಲ್ಲ, ಹಾಗೆ. ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರಿನಲ್ಲಿ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿತು, ನಮ್ಮ ಬರಹ ತಿಂದು ಬೆಳೆದಿರಿ ಅಂತ. ಅದೇ ಪತ್ರಿಕೆ 2025ರ ಮೇ ತಿಂಗಳಲ್ಲಿ ದುಡ್ಡು ತಗೊಂಡು ತನ್ನ ಬರಹವನ್ನು ಎಐಗೆ ಕೊಡಲು ಅಮೆಜಾನ್ ಜೊತೆ ಒಪ್ಪಂದ ಮಾಡಿಕೊಂಡಿತು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮಾಲೀಕ ಕಂಪನಿ ನ್ಯೂಸ್ ಕಾರ್ಪ್ 2024ರ ಮೇನಲ್ಲಿ ಇಂಥದ್ದೇ ಒಪ್ಪಂದಕ್ಕೆ ಓಪನ್‌ಎಐಗೆ ಕೈ ಕುಲುಕಿತು, ಅಕ್ಟೋಬರಿನಲ್ಲಿ ಅದೇ ನ್ಯೂಸ್ ಕಾರ್ಪ್‌ನ ಡೋ ಜೋನ್ಸ್ ಕಂಪನಿ ಪರ್ಪ್ಲೆಕ್ಸಿಟಿಯನ್ನು ಕೋರ್ಟಿಗೆ ಎಳೆಯಿತು. ನಮ್ಮಲ್ಲಿ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು, ಓಪನ್‌ಎಐ ವಿರುದ್ಧ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ದಾನ. ಗೂಗಲ್ 2018ರಲ್ಲಿ ಸುದ್ದಿಮನೆಗಳಿಗೆ ಅಂತ ಮೂರು ವರ್ಷಕ್ಕೆ 30 ಕೋಟಿ ಡಾಲರ್ ಘೋಷಿಸಿತು. 2024ರ ಅಕ್ಟೋಬರಿನಲ್ಲಿ ಓಪನ್‌ಎಐ, ಮೈಕ್ರೋಸಾಫ್ಟ್ ಎರಡೂ ಸೇರಿ ಲೆನ್‌ಫೆಸ್ಟ್ ಸಂಸ್ಥೆಯ ಮೂಲಕ ಅಮೆರಿಕದ ಪತ್ರಿಕೆಗಳಿಗೆ 1 ಕೋಟಿ ಡಾಲರ್‌ವರೆಗೆ ಕೊಡುತ್ತೇವೆ ಎಂದವು. ಅದರಲ್ಲಿ ಅರ್ಧ ನಗದು. ಇನ್ನರ್ಧ ಕ್ರೆಡಿಟ್, ಅಂದರೆ ಅವರದೇ ಎಐ ಬಳಸಲು ಕೂಪನ್. ಕೂಪನ್ ಮುಗಿಯುವ ಹೊತ್ತಿಗೆ ಸುದ್ದಿಮನೆಯವರಿಗೆ ಕೈ ಪಳಗಿರುತ್ತದೆ, ಬೇರೆ ಕಡೆ ಹೋಗಲು ಮನಸ್ಸು ಬರುವುದಿಲ್ಲ. ದುಡ್ಡು ತಗೊಂಡವರೆಲ್ಲ ಬಾಯಿ ಮುಚ್ಚಿಕೊಂಡರು ಅಂತ ನಾನು ಹೇಳುತ್ತಿಲ್ಲ. ಆದರೆ ತಗೊಂಡವರು ಆ ಕಂಪನಿಯ ಬಗ್ಗೆ ಬರೆದಾಗ ಕೆಳಗೆ ಒಂದು ಸಾಲು ಹಾಕಲಿ. ಓದುವವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಟಿವಿಯಲ್ಲಿ ಬರುವ ಎಐ ನಿರೂಪಕಿಗೆ ಸಂಬಳ ಎಷ್ಟು?
ಹೆಸರು ಬೇಡ, ಬನಶಂಕರಿ

ಕನ್ನಡದಲ್ಲಿ ಪವರ್ ಟಿವಿಯ ಸೌಂದರ್ಯ 2023ರ ಜುಲೈನಲ್ಲಿ ಬಂದರು, ಡಿಡಿ ಕಿಸಾನ್‌ನ ಕ್ರಿಶ್ ಮತ್ತು ಭೂಮಿ 2024ರ ಮೇನಲ್ಲಿ. ಇಂಥವರಿಗೆ ಸಂಬಳದ ಚೀಟಿ ಇರುವುದಿಲ್ಲ, ಸಾಫ್ಟ್‌ವೇರ್ ಖರ್ಚು ಇರುತ್ತದೆ. ಹಬ್ಬಕ್ಕೆ ರಜೆ ಕೇಳುವುದಿಲ್ಲ ಅನ್ನುವುದೊಂದೇ ಮ್ಯಾನೇಜ್‌ಮೆಂಟಿಗೆ ಇಷ್ಟವಾದ ಗುಣ.

ಏರ್‌ಟೆಲ್‌ನಲ್ಲಿ ಒಂದು ಎಐ ಫ್ರೀ, ಜಿಯೋದಲ್ಲಿ ಇನ್ನೊಂದು ಫ್ರೀ. ನನ್ನ ಮಗ ಪೇಪರ್ ಬಿಟ್ಟು ಸುದ್ದಿಯನ್ನು ಅದರಲ್ಲೇ ಕೇಳಿಕೊಳ್ಳುತ್ತಾನೆ. ಯಾಕೆ ಫ್ರೀ ಕೊಡ್ತಾರೆ?
ಗೃಹಿಣಿ, ಯಲಹಂಕ

2016ರ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್‌ಗೆ ಕ್ಯೂ ನಿಂತದ್ದು ನೆನಪಿದೆಯಾ? ಆಗಲೂ ಫ್ರೀ ಇತ್ತು, ಈಗ ರೀಚಾರ್ಜ್ ಎಷ್ಟು ಅಂತ ನಿಮಗೇ ಗೊತ್ತು. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ 36 ಕೋಟಿ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೋ ಒಂದು ವರ್ಷ ಉಚಿತ ಎಂದಿತು. ಅಕ್ಟೋಬರಿನಲ್ಲಿ ಜಿಯೋದಿಂದ ಗೂಗಲ್‌ನ ಜೆಮಿನಿ ಪ್ರೋ 18 ತಿಂಗಳು. ನವೆಂಬರ್ 4ರಿಂದ ಓಪನ್‌ಎಐ ನೇರವಾಗಿಯೇ ಕೊಟ್ಟದ್ದು ಚಾಟ್‌ಜಿಪಿಟಿ ಗೋ ಒಂದು ವರ್ಷ. ಮೂರೂ ನಾಲ್ಕು ತಿಂಗಳೊಳಗೆ. ಇಷ್ಟು ಜನ ಇಷ್ಟು ಭಾಷೆಯಲ್ಲಿ ಪ್ರಶ್ನೆ ಕೇಳುವ ದೇಶ ಬೇರೆ ಎಲ್ಲಿ ಸಿಗಬೇಕು ಅವರಿಗೆ.

ಇನ್ನೊಂದು ಗಂಟು ನೋಡಿ. ಜಿಯೋ ರಿಲಯನ್ಸ್‌ದು. ನ್ಯೂಸ್18 ಕನ್ನಡ ಇರುವ ನೆಟ್‌ವರ್ಕ್18 ಕೂಡ 2014ರಿಂದ ರಿಲಯನ್ಸ್ ಕೈಯಲ್ಲಿದೆ. ಸಿಮ್, ಚಾನೆಲ್, ಅದರ ಮೇಲೆ ಸುದ್ದಿ ಕೇಳುವ ಎಐಗೆ ಬಾಗಿಲು, ಮೂರೂ ಒಂದೇ ಮನೆಯಿಂದ. ಇದರಲ್ಲಿ ಮೋಸ ಇದೆ ಅಂತ ಅಲ್ಲ. ಮಗನಿಗೆ ಬೈಯಲೂಬೇಡಿ. "ಇದನ್ನು ಬರೆದದ್ದು ಯಾವ ಪೇಪರ್, ತೋರಿಸು" ಅಂತ ಆ ಎಐಯನ್ನೇ ಕೇಳಲು ಹೇಳಿ. ಲಿಂಕ್ ಕೊಟ್ಟರೆ ಒತ್ತಿ ನೋಡಲಿ, ಅಲ್ಲಿ ನಿಜವಾಗಿ ಹಾಗೇ ಬರೆದಿದೆಯಾ ಅಂತ.

ಕನ್ನಡದ ಎಐ ನಮ್ಮ ಬೆಂಗಳೂರಲ್ಲೇ ತಯಾರಾಗುತ್ತಿದೆಯಂತೆ. ಅದನ್ನು ಬಳಸಿದರೆ ಈ ತಲೆನೋವೇ ಇಲ್ಲವಲ್ಲ?
ಐಟಿ ಉದ್ಯೋಗಿ, ರಾಜಾಜಿನಗರ

ಊರು ನಮ್ಮದು, ದುಡ್ಡು ಕಲಬೆರಕೆ. 2023ರಲ್ಲಿ ಇಲ್ಲೇ ಶುರುವಾದ ಸರ್ವಂ ಎನ್ನುವ ಎಐ ಕಂಪನಿಗೆ ಆ ವರ್ಷದ ಕೊನೆಗೆ 4.1 ಕೋಟಿ ಡಾಲರ್ ಬಂತು, ಕೊಟ್ಟವರು ಲೈಟ್‌ಸ್ಪೀಡ್, ಪೀಕ್ ಎಕ್ಸ್‌ವಿ ಮತ್ತು ಖೋಸ್ಲಾ ವೆಂಚರ್ಸ್ ಎನ್ನುವ ಹೂಡಿಕೆ ಸಂಸ್ಥೆಗಳು. ಈ ಖೋಸ್ಲಾ ಓಪನ್‌ಎಐನಲ್ಲಿ ಮೊದಮೊದಲು ಹಣ ಹಾಕಿದವರಲ್ಲೂ ಒಬ್ಬರು. 2025ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ತನ್ನ ಇಂಡಿಯಾಎಐ ಮಿಷನ್ ಅಡಿಯಲ್ಲಿ ದೇಶದ್ದೇ ಮಾಡೆಲ್, ಅಂದರೆ ಎಐನ ಮಿದುಳಿನಂಥ ಪ್ರೋಗ್ರಾಂ, ಕಟ್ಟಲು ಸರ್ವಂ ಅನ್ನು ಆರಿಸಿತು. ಆ ಮಿಷನ್ನಿಗೆ ಇಟ್ಟಿರುವುದು 10 ಸಾವಿರ ಕೋಟಿ ರೂಪಾಯಿಗಿಂತ ಜಾಸ್ತಿ, ಅದು ನಮ್ಮ ನಿಮ್ಮ ತೆರಿಗೆ. ನಮ್ಮ ಭಾಷೆಗಳಿಗೆ ಎಐ ಕಟ್ಟುವ ಮದ್ರಾಸ್ ಐಐಟಿಯ ತಂಡ ಎಐ4ಭಾರತ್‌ಗೆ 2022ರಲ್ಲಿ ನಂದನ್ ಮತ್ತು ರೋಹಿಣಿ ನಿಲೇಕಣಿ 36 ಕೋಟಿ ರೂಪಾಯಿ ಕೊಟ್ಟರು. ಭಾಷೆಯಿಂದ ಭಾಷೆಗೆ ಅನುವಾದಿಸುವ ಭಾಷಿಣಿ ಕೇಂದ್ರ ಸರಕಾರದ್ದು. ನಮ್ಮ ಐಐಎಸ್‌ಸಿ ಜಿಲ್ಲೆ ಜಿಲ್ಲೆ ಸುತ್ತಿ ಜನರ ಮಾತು ರೆಕಾರ್ಡ್ ಮಾಡಿಸುವ ವಾಣಿ ಯೋಜನೆಯ ಹಿಂದೆ ಗೂಗಲ್ ಇದೆ.

ಹಾಗಾಗಿ ದೇಶಿ, ವಿದೇಶಿ ಅಂತ ಗೆರೆ ಎಳೆಯುವುದು ಕಷ್ಟ. ನಾನು ಎಳೆಯುವ ಗೆರೆ ಬೇರೆ. ಇಳಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದಾ, ಇಲ್ಲವಾ? ಎಐ4ಭಾರತ್‌ನ ಮಾಡೆಲ್‌ಗಳನ್ನು ಇಳಿಸಿಕೊಳ್ಳಬಹುದು. ದನಿಯನ್ನು ಬರಹ ಮಾಡುವ ವಿಸ್ಪರ್ ಓಪನ್‌ಎಐದೇ, ಆದರೂ 2022ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಮ್ಮೆ ಇಳಿಸಿಕೊಂಡದ್ದನ್ನು ನಾಳೆ ಮಾಲೀಕ ಮನಸ್ಸು ಬದಲಿಸಿದರೂ ಕಿತ್ತುಕೊಳ್ಳಲು ಆಗುವುದಿಲ್ಲ. ರೆಕಾರ್ಡಿಂಗೂ ಆಫೀಸು ಬಿಟ್ಟು ಹೊರಗೆ ಹೋಗುವುದಿಲ್ಲ.

ಸುತ್ತಿ ಬಳಸಿ ಹೇಳಬೇಡಿ. ನೀವು ಏನು ಬಳಸುತ್ತೀರಿ, ಅದಕ್ಕೆ ದುಡ್ಡು ಯಾರು ಕೊಡ್ತಾರೆ?
ಚಾಮರಾಜಪೇಟೆಯ ಹಳೆಯ ಚಂದಾದಾರರು

ದುಡ್ಡು ನಿಮ್ಮದು, ಚಂದಾ ಹಣ. ಯಾವ ಎಐ ಕಂಪನಿಯಿಂದಲೂ ನಾವು ಅನುದಾನ, ಕೂಪನ್ ತಗೊಂಡಿಲ್ಲ. ಯಾರೂ ಕೊಡಲೂ ಬಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಮಾಡೆಲ್ ಇದೆ, ನಿಧಾನ, ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಅದಕ್ಕೆ ಮೊದಲು ಹೊರಗಿನ ಆ್ಯಪಿಗೆ ಕಳಿಸುತ್ತಿದ್ದೆವು. ಒಬ್ಬರು ಅಜ್ಜ ಅರ್ಧ ಗಂಟೆ ರಾಜಕಾಲುವೆ ಒತ್ತುವರಿ ಬಗ್ಗೆ ಮಾತಾಡಿದ್ದರು. ಆ್ಯಪ್ ಬರೆದುಕೊಟ್ಟದ್ದು "ರಾಜ ಕಾಲು ಒತ್ತುವರು". ಇಡೀ ಪುಟದಲ್ಲಿ ಯಾರೋ ರಾಜನ ಕಾಲು ಒತ್ತುತ್ತಲೇ ಇದ್ದಾರೆ! ನಕ್ಕೆವು. ಆಮೇಲೆ ಹೊಳೆಯಿತು, ಆ ಆ್ಯಪ್ ಮಾಡಿದವರ ಊರಲ್ಲಿ ರಾಜಕಾಲುವೆ ಅನ್ನುವ ಮಾತನ್ನು ಯಾರೂ ಕೇಳಿಯೇ ಇರಲಿಕ್ಕಿಲ್ಲ. ಕೇಳಿಸಿಕೊಳ್ಳಲು ಅವರಿಗೆ ಯಾರೂ ದುಡ್ಡು ಕೊಟ್ಟೂ ಇರಲಿಕ್ಕಿಲ್ಲ.

ಹೋದ ತಿಂಗಳು ಒಂದು ಸರಕಾರಿ ಕಚೇರಿಯ ಗುಮಾಸ್ತರು ಮಾತಾಡಲು ಒಪ್ಪಿದರು. ಕೂತ ತಕ್ಷಣ ಕೇಳಿದ್ದು ಒಂದೇ, "ಸಾರ್, ಇದು ಎಲ್ಲಿಗೆ ಹೋಗುತ್ತದೆ?" ಆಫೀಸಿನ ಕಂಪ್ಯೂಟರಿಗೆ ಅಷ್ಟೇ ಅಂತ ಎಷ್ಟು ಹೇಳಿದರೂ ಅವರ ಕಣ್ಣು ಫೋನಿನ ಮೇಲೇ ಇತ್ತು. ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ನೋಟ್‌ಬುಕ್ ತೆಗೆದೆ. ಅವರು ಮೆಲ್ಲಗೆ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಮೂರು ಗಂಟೆ ಹಿಡಿಯಿತು, ಎರಡು ಸಲ ಕಾಫಿ ಆಯಿತು, ಕೈ ನೋವು ಇನ್ನೂ ಹೋಗಿಲ್ಲ.